ತಪಸ್ಸುಕಾಲಕ್ಕೆ ಈ ಸಲ ಒಬ್ಬರೇ ವಿಶ್ವಾಸಿ: ಯಾರನ್ನು ಓದೋಣ?

ಕೋಡಿಬಾಗದವಳು

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನಮ್ಮದೊಂದು ಸಣ್ಣ ಪ್ರಾರ್ಥನಾ ಕೂಟ ಇದೆ. ಹೆಚ್ಚಿನವರು ಕಥೋಲಿಕರು, ಜೊತೆಗೆ ಒಂದೆರಡು ಪ್ರೊಟೆಸ್ಟೆಂಟ್ ಮನೆಯವರು, ಹಳಿಯಾಳದಿಂದ ಕೆಲಸಕ್ಕೆ ಬಂದು ಇಲ್ಲೇ ನಿಂತ ಸಿದ್ದಿ ಕುಟುಂಬ ಒಂದು. ತಪಸ್ಸುಕಾಲದ (ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ) ಶುಕ್ರವಾರಗಳಲ್ಲಿ ಇಗರ್ಜಿಯ ಶಿಲುಬೆ ಹಾದಿ ಪ್ರಾರ್ಥನೆ ಮುಗಿದ ಮೇಲೆ ಯಾರದಾದರೂ ಮನೆಯಲ್ಲಿ ಸೇರುತ್ತೇವೆ. ಇಷ್ಟು ವರ್ಷ ವಾರಕ್ಕೊಬ್ಬ ಸಂತರ ಕತೆ ಓದುವ ರೂಢಿ. ಈಸ್ಟರ್ ಬರುವ ಹೊತ್ತಿಗೆ ಯಾರ ಕತೆ ಯಾವುದು ಅಂತಲೇ ಕಲಸಿಹೋಗಿರುತ್ತದೆ. ಎಲ್ಲರೂ ಉಪವಾಸ ಮಾಡಿದರು, ಎಲ್ಲರೂ ಬಡವರಿಗೆ ಕೊಟ್ಟರು, ಎಲ್ಲರೂ ಶಾಂತವಾಗಿ ಸತ್ತರು. ಕೇಳಿದವರು ಚಾ ಕುಡಿದು ಮನೆಗೆ ಹೋದರು.

ಈ ಸಲ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರದಿಂದ ಈಸ್ಟರ್ ತನಕ ಒಬ್ಬರನ್ನೇ ಹಿಡಿಯೋಣ ಅಂತ ಮಾತಾಗಿದೆ. ಅವರಿಂದ ಶಿಷ್ಯತ್ವ ಕಲಿಯುವುದು ಅಂದರೆ ಎಂತ, ಅದು ಮೀನು ಮಾರುವವಳಿಗೂ ಕೈಗಾದಲ್ಲಿ ಶಿಫ್ಟು ಮಾಡುವವನಿಗೂ ಆಗುವಂಥದ್ದಾ, ಇದು ನಮ್ಮ ಪ್ರಶ್ನೆ.

ನನ್ನ ಮನಸ್ಸಿನಲ್ಲಿರುವವರು ಬ್ರದರ್ ಲಾರೆನ್ಸ್. 1614ರ ಸುಮಾರಿಗೆ ಫ್ರಾನ್ಸಿನ ಲೊರೇನ್ ಸೀಮೆಯಲ್ಲಿ ಹುಟ್ಟಿದವರು. ಸೈನಿಕರಾಗಿ ಗಾಯಗೊಂಡು ಕಾಲು ಕುಂಟಾಯಿತು. ದೊಡ್ಡವರ ಮನೆಯಲ್ಲಿ ಆಳಾಗಿದ್ದಾಗ ಕೈಗೆ ಸಿಕ್ಕಿದ್ದನ್ನೆಲ್ಲ ಬೀಳಿಸಿ ಒಡೆಯುತ್ತಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಆಮೇಲೆ ಪ್ಯಾರಿಸಿನ ಕಾರ್ಮೆಲ್ ಮಠ ಸೇರಿದರು. ಅಲ್ಲಿ ಅವರಿಗೆ ಕೊಟ್ಟದ್ದು ಅಡುಗೆಮನೆ. ಅಡುಗೆ ಕೆಲಸ ಅಂದರೆ ಅವರಿಗೆ ಸ್ವಭಾವತಃ ಆಗುತ್ತಿರಲಿಲ್ಲ, ಆದರೂ ಹದಿನೈದು ವರ್ಷದಷ್ಟು ಅಲ್ಲೇ ದುಡಿದರು. ಮಠಕ್ಕೆ ವೈನ್ ಖರೀದಿಸಲು ಬರ್ಗಂಡಿಗೆ ಕಳಿಸಿದಾಗ ಕುಂಟುಕಾಲಲ್ಲಿ ದೋಣಿಯೊಳಗೆ ಓಡಾಡಲಾಗದೆ ಪೀಪಾಯಿಗಳ ಮೇಲೆ ಉರುಳಿಕೊಂಡೇ ಹೋಗಬೇಕಾಯಿತಂತೆ. ಪಾತ್ರೆಗಳ ಸದ್ದಿನ ನಡುವೆ ದೇವರ ಜೊತೆ ಮಾತಾಡಿಕೊಂಡಿರುವುದು, ಪ್ರಾರ್ಥನೆಯ ಹೊತ್ತು ಬೇರೆ, ಕೆಲಸದ ಹೊತ್ತು ಬೇರೆ ಅಂತ ಮಾಡದೇ ಇರುವುದು, ಇಷ್ಟೇ ಅವರ ಸಾಧನೆ. ನಮ್ಮಂಥವರಿಗೆ ಇದಕ್ಕಿಂತ ಹತ್ತಿರದವರು ಯಾರಿದ್ದಾರೆ?

ಶರಾವತಿ ದಡ

ಹತ್ತಿರದವರು ಬೇಕು ಅಂತ ಹೇಳಿ ಪ್ಯಾರಿಸಿಗೆ ಹೋದಿರಲ್ಲ ಅಕ್ಕ! ಜೋಸೆಫ್ ವಾಜ್ ಇದ್ದಾರೆ. ಕೆನರಾದಲ್ಲೇ ನಡೆದಾಡಿದವರು.

ಬೈತಖೋಲ

ವಾಜ್ ಅವರಿಗೆ ನನ್ನದೂ ಒಂದು ಓಟು. ಆದರೆ ಎರಡು ಸಾಲಲ್ಲಿ ಬಿಡಬೇಡಿ ಮಾರಾಯ್ರೆ, ಬರೆಯಿರಿ.

ಶರಾವತಿ ದಡ

ಬರೆಯುತ್ತೇನೆ. 1651ರಲ್ಲಿ ಗೋವಾದ ಬೆಣಾವ್ಲಿಯಲ್ಲಿ ಹುಟ್ಟು, 1676ರಲ್ಲಿ ಗುರುದೀಕ್ಷೆ. 1681ರಿಂದ 84ರವರೆಗೆ ಕೆನರಾದ ಹೊಣೆ ಹೊತ್ತು ಈ ಕರಾವಳಿಯಲ್ಲಿ ಸೇವೆ ಮಾಡಿದರು. ಆಗ ಇಲ್ಲಿ ಇಗರ್ಜಿಯೊಳಗೇ ಯಾರು ಮೇಲು ಅನ್ನುವ ಜಗಳ. ಪೋರ್ಚುಗಲ್ ದೊರೆಯ ಕಡೆಯವರು ಒಂದು, ರೋಮಿನಿಂದ ನೇಮಕವಾದವರು ಇನ್ನೊಂದು. ಅದರ ನಡುವೆ ಜನರನ್ನು ನೋಡಿಕೊಂಡವರು ಇವರು.

ಆದರೆ ಶಿಷ್ಯತ್ವದ ಮಾತಿಗೆ ನಾನು ತರುವುದು ಶ್ರೀಲಂಕೆಯ ಭಾಗ. ಡಚ್ಚರು ಅಲ್ಲಿ ಕಥೋಲಿಕ ಗುರುಗಳನ್ನು ಹೊರಗಟ್ಟಿ ಪೂಜೆ ನಿಷೇಧಿಸಿದ್ದರು. ಮೂವತ್ತು ವರ್ಷದ ಹತ್ತಿರ ಆ ಜನಕ್ಕೆ ಪಾದ್ರಿಯೇ ಇಲ್ಲ. 1687ರಲ್ಲಿ ವಾಜ್ ಕೂಲಿಯವನ ವೇಷದಲ್ಲಿ ಜಾಫ್ನಾಕ್ಕೆ ಇಳಿದರು. ಜೊತೆಗಿದ್ದವನು ಜಾನ್ ಅನ್ನುವ ಹುಡುಗ ಒಬ್ಬನೇ. ಇಳಿದ ಮೇಲೆ ಭೇದಿ ಹತ್ತಿ ಸಾಯುವ ಸ್ಥಿತಿ. ಚೇತರಿಸಿಕೊಂಡ ಮೇಲೆ ಅವರು ಮಾಡಿದ್ದು ಏನು ಗೊತ್ತಾ? ಕೊರಳಿಗೆ ಜಪಸರ ಹಾಕಿಕೊಂಡು ಮನೆ ಮನೆಗೆ ಭಿಕ್ಷೆಗೆ ಹೋದರು. ಭಿಕ್ಷೆ ಹಾಕುವವರ ಕಣ್ಣು ಜಪಸರದ ಮೇಲೆ ನಿಂತರೆ ಇದು ನಮ್ಮವರ ಮನೆ ಅಂತ ಗುರುತು. ಸಿಲ್ಲಾಲೆ ಅನ್ನುವ ಹಳ್ಳಿಯವರು ಅವರನ್ನು ಬಚ್ಚಿಟ್ಟುಕೊಂಡು ಕಾಪಾಡಿದರು.

ಕ್ಯಾಂಡಿಯ ರಾಜ ಪೋರ್ಚುಗೀಸ್ ಗೂಢಚಾರ ಅಂತ ಸಂಶಯಪಟ್ಟು ಅವರನ್ನು ಸೆರೆಯಲ್ಲಿಟ್ಟ. 1697ರಲ್ಲಿ ಅಲ್ಲಿ ಸಿಡುಬು ಬಂದು ಜನ ರೋಗಿಗಳನ್ನು ಬಿಟ್ಟು ಓಡಿದಾಗ ಇವರು ಅಲ್ಲೇ ನಿಂತು ಶುಶ್ರೂಷೆ ಮಾಡಿದರು, ಸತ್ತವರನ್ನು ಹೂಳಿದರು. 1711ರ ಜನವರಿ 16ಕ್ಕೆ ಕ್ಯಾಂಡಿಯಲ್ಲೇ ತೀರಿಹೋದರು, ಊರಿಗೆ ಮರಳಲೇ ಇಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತ ಪದವಿ ಘೋಷಿಸಿದರು.

ಅಂದಹಾಗೆ ಆ ಮೂವತ್ತು ವರ್ಷ ಪೂಜೆ ಇಲ್ಲದೆ, ಪಾಪನಿವೇದನೆ ಇಲ್ಲದೆ ಮನೆಯೊಳಗೇ ಜಪಸರ ಹೇಳಿ ಮಕ್ಕಳಿಗೆ ಕಲಿಸಿದರಲ್ಲ, ಆ ಹೆಂಗಸರ ಹೆಸರು ಎಲ್ಲೂ ಇಲ್ಲ. ವಾಜ್ ಹುಡುಕಿಕೊಂಡು ಹೋದದ್ದು ಅವರನ್ನು. ನನಗೆ ವಾಜ್ ಅವರಷ್ಟೇ ದೊಡ್ಡವರು ಅವರು.

ಕೈಗಾ ಶಿಫ್ಟು

ಚೆನ್ನಾಗಿದೆ. ಆದರೆ ನನ್ನ ತಕರಾರು ಕೇಳಿ. ಇವೆಲ್ಲ ಉಜ್ಜಿ ಉಜ್ಜಿ ಹೊಳಪು ಬರಿಸಿದ ಕತೆಗಳು. ಸಂತರ ಚರಿತ್ರೆ ಬರೆಯುವವರು ಬೇಡದ್ದನ್ನು ಬಿಟ್ಟೇ ಬರೆಯುವುದು. ನಾನು ನೈಟ್ ಶಿಫ್ಟು ಮುಗಿಸಿ ಬಂದು ಮಗನ ಮೇಲೆ ರೇಗುವ ಮನುಷ್ಯ. ಕ್ಯಾಂಡಿಯ ಸೆರೆಮನೆಯಿಂದ ನನಗೆ ಎಂತ ಪಾಠ?

ಇನ್ನೊಂದು, ಕೇಳಬೇಕೋ ಬೇಡವೋ ಗೊತ್ತಿಲ್ಲ. ಡಿಸೆಂಬರ್ 3ಕ್ಕೆ ನಾವೆಲ್ಲ ಚಂದಾವರಕ್ಕೆ ಹೋಗುತ್ತೇವೆ, ಸಂತ ಫ್ರಾನ್ಸಿಸ್ ಝೇವಿಯರ್ ಫೆಸ್ತಕ್ಕೆ. ನಾನೂ ಹೋಗುತ್ತೇನೆ. ಎಲ್ಲ ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಆದರೆ 1546ರಲ್ಲಿ ಗೋವಾಕ್ಕೆ ಇನ್‌ಕ್ವಿಸಿಷನ್ (ನಂಬಿಕೆ ತಪ್ಪಿದವರು ಅಂತ ಹಿಡಿದು ವಿಚಾರಿಸಿ ಶಿಕ್ಷಿಸುವ ಇಗರ್ಜಿಯ ನ್ಯಾಯಾಲಯ) ಬೇಕು ಅಂತ ಪೋರ್ಚುಗಲ್ ರಾಜನಿಗೆ ಪತ್ರ ಬರೆದವರೂ ಅವರೇ. ಅದು ಜಾರಿಗೆ ಬಂದದ್ದು ಅವರು ತೀರಿಕೊಂಡ ಮೇಲೆ, 1560ರಲ್ಲಿ. ನಮ್ಮ ಹಿರಿಯರಲ್ಲಿ ಎಷ್ಟೋ ಮನೆತನ ಗೋವಾ ಬಿಟ್ಟು ಈ ಕಡೆ ಬಂದದ್ದಕ್ಕೆ ಬರಗಾಲ, ಯುದ್ಧ, ತೆರಿಗೆ ಇವುಗಳ ಜೊತೆ ಅದೂ ಒಂದು ಕಾರಣ. ಈಗ ಹೇಳಿ, ಸಂತರಿಂದ ಕಲಿಯುವುದು ಅಂದರೆ ಪೂರ್ತಿ ಕಲಿಯುವುದಾ, ಬೇಕಾದ್ದನ್ನು ಆರಿಸಿಕೊಳ್ಳುವುದಾ?

ಶರಾವತಿ ದಡ

ತಪಸ್ಸುಕಾಲದ ಓದಿಗೆ ಹೆಸರು ಕೇಳಿದರೆ ಇದನ್ನು ಯಾಕೆ ಎಳೆದು ತರುವುದು? ಅದೇ ಝೇವಿಯರ್ ಕೈಗಂಟೆ ಬಾರಿಸುತ್ತ ಗೋವಾದ ಬೀದಿಯಲ್ಲಿ ಮಕ್ಕಳನ್ನೂ ಗುಲಾಮರನ್ನೂ ಕರೆದು ಕೂರಿಸಿ ಪಾಠ ಹೇಳಿದರು, ಆಸ್ಪತ್ರೆಯಲ್ಲಿ ರೋಗಿಗಳ ಪಕ್ಕ ಮಲಗಿದರು. ಚೀನಾದ ಹೊಸ್ತಿಲಲ್ಲಿ, ಶಾಂಗ್‌ಚುವಾನ್ ದ್ವೀಪದಲ್ಲಿ 1552ರಲ್ಲಿ ಹೆಚ್ಚುಕಡಿಮೆ ಒಂಟಿಯಾಗಿ ಸತ್ತರು. ಅದನ್ನೂ ಹೇಳಿ.

ಕೈಗಾ ಶಿಫ್ಟು

ಹೇಳಿದೆನಲ್ಲ, ಫೆಸ್ತಕ್ಕೆ ಹೋಗುತ್ತೇನೆ ಅಂತ. ಎರಡೂ ಒಬ್ಬನೇ ಮನುಷ್ಯ ಅನ್ನುವುದೇ ನನ್ನ ಕಷ್ಟ.

ಸಭೆಯ ಬೆಂಚು

ನಾನು ಪ್ರೊಟೆಸ್ಟೆಂಟ್. ಸಂತರ ಹಬ್ಬ ನಮ್ಮಲ್ಲಿಲ್ಲ, ಹಾಗಾಗಿ ಸ್ವಲ್ಪ ದೂರದಿಂದ ನೋಡುತ್ತೇನೆ. ಇಬ್ರಿಯರ ಪತ್ರ 13ನೇ ಅಧ್ಯಾಯ 7ನೇ ವಚನ ನೋಡಿ. ನಿಮಗೆ ದೇವರ ವಾಕ್ಯ ತಿಳಿಸಿದವರನ್ನು ನೆನೆಯಿರಿ, ಅವರ ಬಾಳು ಹೇಗೆ ಮುಗಿಯಿತು ಅಂತ ಗಮನಿಸಿ, ಅವರ ನಂಬಿಕೆಯನ್ನು ಅನುಸರಿಸಿ ಅನ್ನುತ್ತದೆ. ಅನುಸರಿಸಬೇಕಾದ್ದು ನಂಬಿಕೆಯನ್ನು. ಅವರು ಬರೆದ ಪ್ರತಿ ಪತ್ರವನ್ನು ಅಂತ ಹೇಳಿಲ್ಲ. ಕೊರಿಂಥದವರು ನಾನು ಪೌಲನವನು, ನಾನು ಅಪೊಲ್ಲೋಸನವನು ಅಂತ ಗುಂಪು ಕಟ್ಟಿಕೊಂಡಾಗ ಪೌಲನೇ ಬೈದಿದ್ದಾನೆ. ಅದೇ ಪೌಲ ಅದೇ ಪತ್ರದಲ್ಲಿ, ನಾನು ಕ್ರಿಸ್ತನನ್ನು ಅನುಸರಿಸುವಂತೆ ನೀವು ನನ್ನನ್ನು ಅನುಸರಿಸಿ ಅಂತಲೂ ಬರೆದ. ಎರಡನ್ನೂ ಒಟ್ಟಿಗೆ ಓದಬೇಕು. ಗುರುವನ್ನು ಅಳೆಯುವ ಕೋಲು ಶಿಷ್ಯನ ಕೈಯಲ್ಲೇ ಇದೆ, ಆ ಕೋಲು ಕ್ರಿಸ್ತ.

ನಿರ್ವಾಹಕ

ಚರ್ಚೆ ಚೆನ್ನಾಗಿ ನಡೆದಿದೆ. ಇನ್‌ಕ್ವಿಸಿಷನ್ ಬಗ್ಗೆ ವಿವರವಾಗಿ ಮಾತಾಡುವವರು ಬೇರೆ ಎಳೆ ಶುರು ಮಾಡಿ. ಇಲ್ಲಿ ಕೋಡಿಬಾಗದವರ ಪ್ರಶ್ನೆ ಮುಂದುವರಿಯಲಿ.

ಶಿರಸಿಯ ಟೀಚರಕ್ಕ

ತಡವಾಗಿ ಬಂದೆ, ಇಲ್ಲಿ ಎರಡು ದಿನದಿಂದ ಕರೆಂಟಿಲ್ಲ. ಯಾರೂ ಹೆಸರೆತ್ತದ ಒಬ್ಬಾಕೆ ಇದ್ದಾಳೆ, ಅದೂ ನಮ್ಮ ಘಟ್ಟದ ಹುಡುಗಿ. ಪಂಡಿತಾ ರಮಾಬಾಯಿ. 1858ರಲ್ಲಿ ಗಂಗಾಮೂಲದ ಕಾಡಿನಲ್ಲಿ ಹುಟ್ಟು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಕಡೆಯ ಚಿತ್ಪಾವನ ಬ್ರಾಹ್ಮಣರು. ಹೆಂಡತಿಗೆ ಸಂಸ್ಕೃತ ಕಲಿಸಿದರು ಅನ್ನುವ ಕಾರಣಕ್ಕೆ ಉಡುಪಿಯಲ್ಲಿ ವಿದ್ವಾಂಸರ ಮುಂದೆ ಶಾಸ್ತ್ರಾಧಾರ ತೋರಿಸಿ ಸಮರ್ಥಿಸಿಕೊಳ್ಳಬೇಕಾಯಿತು. ತಾಯಿ ಲಕ್ಷ್ಮೀಬಾಯಿ ಮಗಳಿಗೆ ಕಲಿಸಿದಳು. ಪುರಾಣ ಹೇಳುತ್ತ ದೇಶವೆಲ್ಲ ತಿರುಗಿದ ಕುಟುಂಬ. 1870ರ ದಶಕದ ಬರದಲ್ಲಿ ಅಪ್ಪ, ಅಮ್ಮ, ಅಕ್ಕ ಹಸಿವಿನಿಂದ ಕಣ್ಣೆದುರೇ ಹೋದರು. ಉಳಿದವಳು ಅಣ್ಣನ ಜೊತೆ ನಡೆದು 1878ರಲ್ಲಿ ಕಲ್ಕತ್ತ ತಲುಪಿದಾಗ ಅಲ್ಲಿನ ಪಂಡಿತರು ಬೆರಗಾಗಿ ಪಂಡಿತಾ, ಸರಸ್ವತಿ ಅನ್ನುವ ಬಿರುದು ಕೊಟ್ಟರು.

1883ರಲ್ಲಿ ಇಂಗ್ಲೆಂಡಿನ ವಾಂಟೇಜಿನಲ್ಲಿ ದೀಕ್ಷಾಸ್ನಾನ. ಅಷ್ಟರಲ್ಲಿ ಗಂಡ ಕಾಲರಾದಲ್ಲಿ ತೀರಿಹೋಗಿದ್ದ, ಕೈಯಲ್ಲಿ ಮನೋರಮಾ ಅನ್ನುವ ಪುಟ್ಟ ಮಗಳು. ನನಗೆ ಬೇಕಾದ ಭಾಗ ಶುರುವಾಗುವುದು ಇಲ್ಲಿ. ದೀಕ್ಷೆ ಕೊಟ್ಟ ಆಂಗ್ಲಿಕನ್ ಸಿಸ್ಟರುಗಳು ಈಕೆ ಇನ್ನು ಹೇಳಿದ್ದು ಕೇಳಿಕೊಂಡಿರುತ್ತಾಳೆ ಅಂದುಕೊಂಡರು. ಈಕೆ ಕೇಳಲಿಲ್ಲ. ಮಾಂಸ ತಿನ್ನಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ಕೇಳಿದಳು. ಚೆಲ್ಟನ್‌ಹ್ಯಾಮಿನಲ್ಲಿ ಆಕೆ ಗಂಡಸರಿಗೆ ಪಾಠ ಹೇಳುವುದಕ್ಕೆ ಭಾರತದಲ್ಲಿದ್ದ ಬಿಷಪ್ಪರು ಅಡ್ಡ ಬಂದಾಗ ಪತ್ರದಲ್ಲಿ ಜಗಳಾಡಿದಳು. ಕ್ರಿಸ್ತನ ಸಭೆಗೆ ಸೇರಿದವಳು ನಿಜ, ಹಾಗಂತ ಪಾದ್ರಿ ಬಿಷಪ್ಪರ ಬಾಯಿಂದ ಬಿದ್ದ ಪ್ರತಿ ಮಾತನ್ನೂ ಒಪ್ಪುವ ಕಟ್ಟು ನನಗಿಲ್ಲ ಅನ್ನುವ ಅರ್ಥದಲ್ಲಿ ಬರೆದಳು. ಒಂದು ಪುರೋಹಿತರ ನೊಗ ಕಷ್ಟಪಟ್ಟು ಕಳಚಿ ಬಂದವಳು, ಇನ್ನೊಂದಕ್ಕೆ ಕೊರಳು ಕೊಡಲಿಲ್ಲ.

ಹಾಗಂತ ಬರೀ ಜಗಳಗಂಟಿಯಲ್ಲ. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ. 1896ರ ಬರ ಬಂದಾಗ ತನ್ನ ಮನೆಯವರ ಹಸಿವು ನೆನೆದು ಮಧ್ಯಪ್ರಾಂತ್ಯದ ಹಳ್ಳಿಗಳಿಗೆ ಹೋಗಿ ಅನಾಥ ಹುಡುಗಿಯರನ್ನು ಕರೆತಂದಳು. ಪುಣೆ ಹತ್ತಿರದ ಕೇಡಗಾವಿನ ಮುಕ್ತಿ ಆಶ್ರಮ ಬೆಳೆದದ್ದು ಹಾಗೆ. ಗುಲ್ಬರ್ಗದಲ್ಲೂ ಶಾಲೆ ತೆರೆದಳು. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಹಳ್ಳಿ ಹೆಂಗಸಿಗೆ ತಿಳಿಯುವ ಮರಾಠಿಗೆ ತಂದಳು. 1921ರಲ್ಲಿ ಮಗಳು ಹೋದಳು, 1922ರ ಏಪ್ರಿಲಿನಲ್ಲಿ ತಾನು.

ಕೈಗಾದವರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಈಕೆ. ಕ್ರಿಸ್ತನ ಶಿಷ್ಯೆಯಾಗಲು ಕ್ರಿಸ್ತನ ಹೆಸರಲ್ಲಿ ಬಂದವರಿಗೆ ಕೆಲವೊಮ್ಮೆ ಇಲ್ಲ ಅನ್ನಬೇಕಾಗುತ್ತದೆ.

ಅಡಿಕೆ ತೋಟ

ನಾನು ಕ್ರೈಸ್ತನಲ್ಲ, ಸುಮ್ಮನೆ ಓದುತ್ತಿರುತ್ತೇನೆ. ಟೀಚರಕ್ಕ, ರಮಾಬಾಯಿ ಧರ್ಮ ಬಿಟ್ಟದ್ದು ನಮ್ಮ ಕಡೆಯವರಿಗೆ ಇವತ್ತಿಗೂ ನುಂಗಲಾಗದ ತುತ್ತು. ಆದರೆ ಅನಂತಶಾಸ್ತ್ರಿಗಳನ್ನು ಬಿಡಬೇಡಿ. ಆ ಕಾಲದಲ್ಲಿ, ಆ ಕಾಡಲ್ಲಿ ಕೂತು ಹೆಂಡತಿಗೆ ಪಾಠ ಹೇಳಿದ ಮನುಷ್ಯ. ಮಗಳ ಹಟ ಎಲ್ಲಿಂದ ಬಂತು ಅಂತ ನನಗಂತೂ ಸಂಶಯವಿಲ್ಲ.

ಶಿರಸಿಯ ಟೀಚರಕ್ಕ

ಒಪ್ಪಿದೆ ತಮ್ಮಾ. ಅವಳೂ ಅಪ್ಪನನ್ನು ಬಿಟ್ಟವಳಲ್ಲ, ಬರೆದಲ್ಲೆಲ್ಲ ಪ್ರೀತಿಯಿಂದಲೇ ನೆನೆದಿದ್ದಾಳೆ.

ಹಳಿಯಾಳದವ

ಕೋಡಿಬಾಗದ ಅಕ್ಕ ಹೇಳಿದ ಸಿದ್ದಿ ಮನೆಯವನು ನಾನೇ. ಕೂಟದಲ್ಲಿ ನಾನು ಹೆಚ್ಚು ಮಾತಾಡುವುದಿಲ್ಲ, ಇಲ್ಲಿ ಬರೆಯುತ್ತೇನೆ.

ನೀವೆಲ್ಲ ಹೇಳಿದವರು ಓದು ಬಲ್ಲವರು, ಇಲ್ಲ ಮಠದವರು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಲ್ಲಿ ತಂದು ಗೋವಾದಲ್ಲಿ ಮಾರಿದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಈ ಕಾಡು ಸೇರಿದರು. ನಮಗೆ ಯೇಸುವಿನ ಹೆಸರು ಮೊದಲು ಹೇಳಿದ್ದು ನಮ್ಮನ್ನು ಕೊಂಡವರು. ಹಳಿಯಾಳ ಕಡೆ ನಾವು ಕ್ರೈಸ್ತರು, ಯಲ್ಲಾಪುರ ಕಡೆಯವರು ಹಿಂದೂಗಳು, ಮುಸ್ಲಿಮರೂ ಇದ್ದಾರೆ. ಯಾವ ಧರ್ಮವಾದರೂ ಮನೆಯಲ್ಲಿ ಹಿರಿಯರಿಗೆ ತೆಂಗಿನಕಾಯಿ ಇಟ್ಟು ನೆನೆಯುವುದು ಬಿಟ್ಟಿಲ್ಲ. ಸತ್ತವರಿಂದ ಕಲಿಯುವುದು ಅಂದರೆ ನಮಗೆ ಹೊಸದಲ್ಲ. ಆದರೆ ಸಂತರ ಪಟ್ಟಿಯಲ್ಲಿ ನಮ್ಮಂಥವರು ಯಾರಿದ್ದಾರೆ? ಮಾರಾಟವಾದವರು?

ಸಭೆಯ ಬೆಂಚು

ಇದ್ದಾರೆ. ಜೋಸೆಫಿನ್ ಬಖಿತಾ. ಕಥೋಲಿಕರ ಸಂತರಲ್ಲಿ ಒಬ್ಬಳು, ಆದರೂ ನಾನೇ ಹೇಳುತ್ತೇನೆ.

1869ರ ಸುಮಾರಿಗೆ ಸುಡಾನಿನ ಡಾರ್ಫುರ್ ಸೀಮೆಯಲ್ಲಿ ಹುಟ್ಟಿದವಳು. ಏಳೆಂಟು ವರ್ಷದ ಮಗುವನ್ನು ಗುಲಾಮರ ವ್ಯಾಪಾರಿಗಳು ಹೊತ್ತೊಯ್ದರು. ಆ ಭಯಕ್ಕೆ ಅಪ್ಪ ಅಮ್ಮ ಇಟ್ಟ ಹೆಸರೇ ಮರೆತುಹೋಯಿತು. ಬಖಿತಾ ಅನ್ನುವುದು ಹಿಡಿದವರು ಕರೆದ ಹೆಸರು. ಕೈಯಿಂದ ಕೈಗೆ ಮಾರಾಟವಾದಳು. ಒಬ್ಬ ತುರ್ಕಿ ಸೇನಾಧಿಕಾರಿಯ ಮನೆಯಲ್ಲಿ ಮೈಮೇಲೆ ಚಿತ್ರ ಬರೆದು ಕತ್ತಿಯಿಂದ ಕೊಯ್ದು ಗಾಯಕ್ಕೆ ಉಪ್ಪು ತಿಕ್ಕಿದರು. 114 ಗಾಯ. 1883ರಲ್ಲಿ ಖಾರ್ಟೂಮಿನಲ್ಲಿ ಇಟಲಿಯ ದೂತಾವಾಸದ ಅಧಿಕಾರಿ (ವೈಸ್ ಕಾನ್ಸಲ್) ಒಬ್ಬ ಕೊಂಡ. ಎರಡು ವರ್ಷದ ಮೇಲೆ ಅವನ ಜೊತೆ ಇಟಲಿಗೆ ಬಂದು ಮಿಕಿಯೆಲಿ ಅನ್ನುವವರ ಮನೆಯಲ್ಲಿ ಮಗು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಯಜಮಾನತಿ ಆಫ್ರಿಕಾಕ್ಕೆ ಹೋಗುವಾಗ ಮಗುವನ್ನೂ ಈಕೆಯನ್ನೂ ವೆನಿಸಿನ ಕನೋಸಾ ಸಿಸ್ಟರುಗಳ ಬಳಿ ಬಿಟ್ಟು ಹೋದಳು. ವಾಪಸ್ ಬಂದು ಹೊರಡು ಅಂದಾಗ ಬಖಿತಾ ಬರುವುದಿಲ್ಲ ಅಂದಳು. ವಿಷಯ ನ್ಯಾಯಾಲಯಕ್ಕೆ ಹೋಯಿತು. 1889ರ ನವೆಂಬರ್ 29ಕ್ಕೆ ತೀರ್ಪು: ಇಟಲಿಯ ಕಾನೂನು ಗುಲಾಮಗಿರಿಯನ್ನು ಒಪ್ಪುವುದಿಲ್ಲ, ಈಕೆ ಸ್ವತಂತ್ರಳು. 1890ರ ಜನವರಿ 9ಕ್ಕೆ ಜ್ಞಾನಸ್ನಾನ. ಆಮೇಲೆ ತಾನೂ ಸಿಸ್ಟರ್ ಆಗಿ ಸ್ಕಿಯೋ ಊರಿನ ಕಾನ್ವೆಂಟಿನಲ್ಲಿ ಅಡುಗೆ ಮಾಡಿದಳು, ಕಸೂತಿ ಹಾಕಿದಳು, ಬಾಗಿಲು ಕಾದಳು. 1947ರ ಫೆಬ್ರವರಿ 8ಕ್ಕೆ ತೀರಿಕೊಂಡಳು. 2000ದಲ್ಲಿ ಸಂತ ಪದವಿ.

ನನ್ನನ್ನು ಹಿಡಿದವರು ಈಗ ಎದುರಿಗೆ ಬಂದರೆ ಮೊಣಕಾಲೂರಿ ಅವರ ಕೈಗೆ ಮುತ್ತಿಡುತ್ತೇನೆ ಎಂಬರ್ಥದ ಮಾತು ಆಕೆ ಹೇಳಿದ್ದಳು. ಎಲ್ಲ ಪ್ರವಚನಗಳಲ್ಲೂ ಬರುವ ಮಾತು ಅದೇ.

ಹಳಿಯಾಳದವ

ಓದಿದೆ. ಹೆಂಡತಿಗೂ ಓದಿ ಹೇಳಿದೆ.

ಕೈಗೆ ಮುತ್ತಿಡುವ ಮಾತು ನನಗೆ ಆಗುವುದಿಲ್ಲ. ಅವಳಿಗೆ ಆಗಿರಬಹುದು, ಅದು ಅವಳ ದೊಡ್ಡತನ. ಆದರೆ ಪ್ರವಚನದಲ್ಲಿ ಕೂರಿಸಿ ಅದನ್ನು ನಮಗೆ ಹೇಳುವವರು ಯಾರು, ಯಾವಾಗ ಹೇಳುತ್ತಾರೆ ನೋಡಿ. ಜಮೀನಿನ ಕಾಗದ ಕೇಳಲು ಹೋದವನಿಗೆ ಕ್ಷಮಿಸು ಅನ್ನುವುದು ಸುಲಭ. ನಮಗೆ ಪರಿಶಿಷ್ಟ ಪಂಗಡದ ಪಟ್ಟಿ ಸೇರಲು 2003 ಬರಬೇಕಾಯಿತು. ಅದು ಯಾರಿಗೂ ಮುತ್ತಿಟ್ಟು ಬಂದದ್ದಲ್ಲ, ಅರ್ಜಿ ಹಿಡಿದು ಅಲೆದು ಬಂದದ್ದು.

ನನಗೆ ಹಿಡಿಸಿದ್ದು ಬರುವುದಿಲ್ಲ ಅಂದಳಲ್ಲ, ಅದು. ಆ ಮಗುವನ್ನು ಅವಳು ಪ್ರೀತಿಸಿದ್ದಳು ತಾನೆ? ಯಜಮಾನತಿ ಕೆಟ್ಟವಳೇ ಆಗಿರಬೇಕು ಅಂತಿಲ್ಲ. ಆದರೂ ಇಲ್ಲ ಅಂದಳು. ಜ್ಞಾನಸ್ನಾನಕ್ಕೂ ಮೊದಲು ನಡೆದದ್ದು ಇದು.

ಶಿರಸಿಯ ಟೀಚರಕ್ಕ

ಮಗುವನ್ನು ತುಂಬ ಹಚ್ಚಿಕೊಂಡಿದ್ದಳು, ಹೌದು. ಬಿಟ್ಟುಕೊಡುವುದು ಸಂಕಟವಾಯಿತು ಅಂತ ಹೇಳಿಕೊಂಡಿದ್ದಾಳೆ. ನಾನು ರಮಾಬಾಯಿಯನ್ನು ಹಿಂತೆಗೆದುಕೊಳ್ಳುತ್ತೇನೆ. ಮುಂದಿನ ವರ್ಷಕ್ಕೆ ಇಡಿ, ಸಂಸ್ಕೃತ ಗೊತ್ತಿದ್ದವಳು ಒಂದು ವರ್ಷ ಕಾಯಬಲ್ಲಳು.

ಶರಾವತಿ ದಡ

ಹಾಗಾದರೆ ಕ್ಷಮೆಯನ್ನೇ ಬಿಟ್ಟು ಓದುತ್ತೀರಾ? ಆಕೆಯನ್ನು ಅರ್ಧ ಮಾಡಿದ ಹಾಗಾಗುತ್ತದೆ. ಝೇವಿಯರ್ ವಿಷಯದಲ್ಲಿ ಆರಿಸಿಕೊಳ್ಳಬಾರದು ಅಂದವರು ಇಲ್ಲಿ ಆರಿಸಿಕೊಳ್ಳುವುದು ಸರಿಯಾ?

ಕೈಗಾ ಶಿಫ್ಟು

ಪಾಯಿಂಟು. ನನಗೆ ಬೀಳಬೇಕಾದ ಪೆಟ್ಟೇ.

ಹಳಿಯಾಳದವ

ಬಿಡಬೇಡಿ, ಕೊನೆಗೆ ಓದಿ. ಅವಳ ಬಾಳಿನಲ್ಲೂ ಅದು ಕೊನೆಗೇ ಬಂದದ್ದು. ಮೊದಲು ಗಾಯ, ಆಮೇಲೆ ಕೋರ್ಟು, ಆಮೇಲೆ ಜ್ಞಾನಸ್ನಾನ, ಎಷ್ಟೋ ವರ್ಷ ಅಡುಗೆಮನೆ, ಬಾಗಿಲು. ಅಷ್ಟು ದೂರ ನಡೆದವಳು ಹೇಳಿದರೆ ಕೇಳುತ್ತೇನೆ. ಒಪ್ಪುತ್ತೇನೋ ಇಲ್ಲವೋ ಪವಿತ್ರ ಶುಕ್ರವಾರದ ದಿನ ಹೇಳುತ್ತೇನೆ.

ಬೈತಖೋಲ

ಓಟು ಬದಲಾಯಿಸಿದ್ದೇನೆ. ವಾಜ್ ಅವರು ಬೇಜಾರು ಮಾಡಿಕೊಳ್ಳುವವರಲ್ಲ.

ಕೋಡಿಬಾಗದವಳು

ಕೂಟದವರ ಜೊತೆ ಮಾತಾಡಿ ಬಂದೆ. ಬಖಿತಾ. ಲಾರೆನ್ಸ್ ಅವರಲ್ಲಿ ನಾನು ಹುಡುಕಿದ ಅಡುಗೆಮನೆ ಇವಳಲ್ಲೂ ಇದೆ, ಆದರೆ ಅಲ್ಲಿಗೆ ಬರುವ ಮೊದಲು ಇವಳು ದಾಟಿ ಬಂದದ್ದು ಬೇರೆ. ಅದನ್ನು ಬಿಟ್ಟು ಪಾತ್ರೆ ತೊಳೆಯುವಾಗ ಪ್ರಾರ್ಥಿಸಿ ಅಂತ ಮಾತ್ರ ಹೇಳಿದ್ದರೆ ನಮ್ಮ ಮನೆಗೆಲಸಕ್ಕೆ ಬರುವವಳಿಗೆ ಅದು ಹೇಗೆ ಕೇಳಿಸುತ್ತಿತ್ತು ಅಂತ ಈಗ ಯೋಚಿಸುತ್ತಿದ್ದೇನೆ.

ನಡೆಸುವ ಕ್ರಮ ಹೀಗೆ ಅಂದುಕೊಂಡಿದ್ದೇವೆ. ವಾರಕ್ಕೆ ಒಂದೇ ಪುಟ. ಓದಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡುವಂತಿಲ್ಲ, ಪ್ರವಚನ ಅಂತೂ ಬೇಡವೇ ಬೇಡ. ಒಂದು ಸುವಾರ್ತೆಯ ಭಾಗ ಜೊತೆಗಿರುತ್ತದೆ. ಆ ವಾರ ಆಕೆಯಂತೆ ಒಂದು ಕೆಲಸ, ಅವರವರಿಗೆ ಆದದ್ದು. ಬಾಗಿಲಿಗೆ ಬಂದವರನ್ನು ನಿಲ್ಲಿಸಿ ಮಾತಾಡಿಸುವುದೂ ಆದೀತು, ಸಂಬಳ ಹಿಡಿದಿಟ್ಟವನ ಎದುರು ನಿಂತು ಕೇಳುವುದೂ ಆದೀತು. ಮುಂದಿನ ಶುಕ್ರವಾರ ಮಾಡಿದೆಯಾ ಅಂತ ಕೇಳುತ್ತೇವೆ, ಮಾಡಿಲ್ಲ ಅಂದರೆ ಬೈಯುವುದಿಲ್ಲ. ಕನ್ನಡದಲ್ಲಿ ಹಾಳೆ ಸಿದ್ಧ ಮಾಡಲು ಸಭೆಯ ಬೆಂಚಿನವರು ಒಪ್ಪಿದ್ದಾರೆ.

ಕೈಗಾ ಶಿಫ್ಟು

ನಾನೂ ಬರುತ್ತೇನೆ ಅಕ್ಕ. ಮೊದಲ ಶುಕ್ರವಾರ ನನಗೆ ಸೆಕೆಂಡ್ ಶಿಫ್ಟು. ಕೋರ್ಟಿನ ಭಾಗವನ್ನು ಎರಡನೇ ವಾರಕ್ಕೆ ಇಡಬಹುದಾ?

ಕೋಡಿಬಾಗದವಳು

ಆಗುವುದಿಲ್ಲ ಮಾರಾಯ್ರೆ. ಅಲ್ಲಿಂದಲೇ ಶುರು ಮಾಡುವುದು ಅಂತ ಹಳಿಯಾಳದವರಿಗೆ ಮಾತು ಕೊಟ್ಟಾಗಿದೆ. ಹಾಳೆ ವಾಟ್ಸಾಪಿಗೆ ಹಾಕುತ್ತೇನೆ, ಕ್ಯಾಂಟೀನಿನಲ್ಲಿ ಓದಿಕೊಳ್ಳಿ.